ಕುಲಾಂತರಿ ಬೆಳೆಯೂ ಶ್ರಾವಕಾಚಾರವೂ

ರಾಣೆಬೆನ್ನೂರು ಬೀಜದ ಊರು. ಈ ತಾಲೂಕಿನ ಹೊಲಗಳಲ್ಲಿ ಹತ್ತಿ, ಟೊಮ್ಯಾಟೊ, ಬದನೆ, ಬೆಂಡೆ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜವನ್ನು ತಯಾರಿಸುವ ಕಸುಬು ದಶಕಗಳಿಂದ ನಡೆದುಬಂದಿದೆ. ಸಂಜೆಯ ಹೊತ್ತು ಹೆಣ್ಣು ಸಾಲಿನ ಮೊಗ್ಗುಗಳಿಂದ ಕೇಸರಗಳನ್ನು ಬಿಡಿಸುವುದು, ಮರುದಿನ ಬೆಳಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಅವಕ್ಕೆ ಮುಟ್ಟಿಸುವುದು. ಕೂಲಿಯ ಹೆಣ್ಣುಮಕ್ಕಳು ಹೂವೊಂದೊಂದನ್ನೂ ಕೈಯಿಂದ ಮುಟ್ಟಿ ಮಾಡುವ ಕೆಲಸವಿದು. ಇಲ್ಲಿಂದ ಹೊರಟ ಬೀಜ ನಾಡಿನ ನಾನಾ ಮೂಲೆಗಳಲ್ಲಿ ಬಿತ್ತನೆಯಾಗುತ್ತದೆ. ಬೀಜದ ವ್ಯಾಪಾರದಲ್ಲಿಯೂ ಹತ್ತಿಯ ವ್ಯಾಪಾರದಲ್ಲಿಯೂ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿಯೂ ಜೈನ ಬಂಧುಗಳು ತೊಡಗಿಕೊಂಡಿರುವುದು ಸರ್ವವಿದಿತ. ಆದುದರಿಂದ ಬೀಜದೊಳಗೆ ಏನನ್ನು ಇಡಲಾಗುತ್ತಿದೆ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳಿಗೂ ಸರ್ಕಾರಕ್ಕೂ ಬಿಟ್ಟು ಸುಮ್ಮನಿರುವ ಸ್ವಾತಂತ್ರ್ಯ ಈ ಸಮಾಜಕ್ಕಿಲ್ಲ. ಅದು ವ್ರತದ ಪ್ರಶ್ನೆ.

ಕುಲಾಂತರಿ ಆಹಾರದ ಬಗೆಗಿನ ಚರ್ಚೆ ಸಾಮಾನ್ಯವಾಗಿ ಆರೋಗ್ಯದ ಸುತ್ತಲೇ ತಿರುಗುತ್ತದೆ. ಅದನ್ನು ಉಂಡವನಿಗೆ ರೋಗ ಬರುವುದೇ, ಬಾರದೇ ಎಂಬುದೇ ಅಲ್ಲಿನ ವಾದ. ಶ್ರಾವಕನ ಮೊದಲ ಪ್ರಶ್ನೆ ಬೇರೆ. ಈ ಅನ್ನ ತಟ್ಟೆಗೆ ಬರುವ ಮುನ್ನ ಯಾವ ಜೀವಕ್ಕೆ, ಯಾವ ಭಾವದಿಂದ ನೋವಾಯಿತು ಎಂಬುದನ್ನು ಅವನು ಕೇಳಬೇಕು. ಉಂಬರದ ಹಣ್ಣನ್ನು ಪೂರ್ವಾಚಾರ್ಯರು ನಿಷೇಧಿಸಿದ್ದು ಅದು ಉಂಡವನ ಹೊಟ್ಟೆಗೆ ಕೆಟ್ಟದ್ದೆಂದಲ್ಲ. ಅದರೊಳಗೆ ತ್ರಸಜೀವಿಗಳು ನೆಲಸಿವೆ ಎಂಬ ಕಾರಣಕ್ಕೆ. ಅದೇ ಅಳತೆಗೋಲನ್ನು ಕುಲಾಂತರಿ ಬೆಳೆಗೂ ಹಿಡಿದು ನೋಡಬೇಕಾಗಿದೆ.

ಗೃಹಸ್ಥನಿಂದಾಗುವ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುವ ಪರಿಪಾಠವಿದೆ. ಅಡುಗೆ ಮಾಡುವಾಗ, ಮನೆ ಗುಡಿಸುವಾಗ ಆಗುವುದು ಆರಂಭೀ. ಹೊಲ ಉಳುವಾಗ, ವ್ಯಾಪಾರ ಮಾಡುವಾಗ ಆಗುವುದು ಉದ್ಯೋಗೀ. ತನ್ನನ್ನೂ ತನ್ನವರನ್ನೂ ತನ್ನ ಬೆಳೆಯನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ. ಕೊಲ್ಲಬೇಕೆಂದೇ ನಿಶ್ಚಯಿಸಿ ಕೊಲ್ಲುವುದು ಸಂಕಲ್ಪೀ. ಮೊದಲ ಮೂರನ್ನು ಗೃಹಸ್ಥನು ಪೂರ್ತಿ ಬಿಡಲಾರನು. ಯತ್ನಾಚಾರದಿಂದ ಅವನ್ನು ತಗ್ಗಿಸಬಲ್ಲನು. ನಾಲ್ಕನೆಯದನ್ನು ಅಣುವ್ರತಿಯಾದವನು ಬಿಡಲೇಬೇಕು. ಪ್ರಮಾದಯುಕ್ತವಾದ ಪ್ರವೃತ್ತಿಯಿಂದ ಪ್ರಾಣವನ್ನು ಬೇರ್ಪಡಿಸುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಹೇಳಿದರೆ, ರಾಗಾದಿ ಭಾವಗಳ ಉದಯವೇ ಹಿಂಸೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರೆ. ಸತ್ತ ಜೀವಗಳ ಲೆಕ್ಕಕ್ಕಿಂತ ಕೊಲ್ಲುವ ಭಾವದ ಲೆಕ್ಕವೇ ಇಲ್ಲಿ ಮುಖ್ಯ.

ಈಗ ಬಿಟಿ ಬೆಳೆಯ ಸ್ವರೂಪವನ್ನು ನೋಡೋಣ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಾಣು ಒಂದು ಬಗೆಯ ವಿಷಕಾರಿ ಪ್ರೋಟೀನನ್ನು ತಯಾರಿಸುತ್ತದೆ. ಆ ಪ್ರೋಟೀನಿನ ವಂಶವಾಹಿಯನ್ನು ತೆಗೆದು ಹತ್ತಿಯ ಅಥವಾ ಬದನೆಯ ಜೀವಕೋಶಕ್ಕೆ ಸೇರಿಸಿದರೆ ಗಿಡವೇ ಆ ವಿಷವನ್ನು ತಯಾರಿಸತೊಡಗುತ್ತದೆ. ಎಲೆಯನ್ನೋ ಕಾಯನ್ನೋ ಕಚ್ಚಿದ ಹುಳುವಿನ ಕರುಳಿನ ಗೋಡೆಯಲ್ಲಿ ಈ ಪ್ರೋಟೀನು ರಂಧ್ರಗಳನ್ನು ಮಾಡುತ್ತದೆ. ಹುಳು ಮೇಯುವುದನ್ನು ನಿಲ್ಲಿಸಿ ಕೆಲವು ದಿನಗಳಲ್ಲಿ ಸಾಯುತ್ತದೆ. ಮನುಷ್ಯನ ಜಠರದಲ್ಲಿ ಇದು ಹೀಗೆ ಕೆಲಸ ಮಾಡುವುದಿಲ್ಲವೆಂಬುದು ಇದರ ಪರವಾಗಿರುವವರ ವಾದ. ಆ ವಾದವನ್ನು ಹಾಗೆಯೇ ಒಪ್ಪಿಕೊಂಡರೂ ಶ್ರಾವಕನ ಪ್ರಶ್ನೆ ಉಳಿದೇ ಉಳಿಯುತ್ತದೆ.

ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ 1974ರಿಂದ ಅಭಯಾರಣ್ಯವಿದೆ. ಹೊಲಕ್ಕೆ ಬಂದ ಕೃಷ್ಣಮೃಗವನ್ನು ಕೂಗಿ ಓಡಿಸುವ ರೈತನು ತನ್ನ ಬೆಳೆಯನ್ನು ಕಾಯುತ್ತಾನೆ, ಪ್ರಾಣಿಯೂ ಉಳಿಯುತ್ತದೆ. ಹುಳು ಬಿದ್ದ ಮೇಲೆ ಔಷಧಿ ಸಿಂಪಡಿಸುವ ರೈತನು ಹಿಂಸೆ ಮಾಡುತ್ತಾನೆ, ನಿಜ. ಆದರೆ ಅವನು ಹುಳುವನ್ನು ಕಣ್ಣಾರೆ ಕಂಡಿರುತ್ತಾನೆ. ಸಿಂಪಡಿಸಲೇ ಬೇಡವೇ ಎಂದು ಯೋಚಿಸುವ, ಕೈ ತಡೆಯುವ, ಅರ್ಧಕ್ಕೆ ನಿಲ್ಲಿಸುವ ಅವಕಾಶ ಅವನಿಗಿರುತ್ತದೆ. ಸಂಜೆ ಕುಳಿತು ಆಲೋಚನೆ, ಪ್ರತಿಕ್ರಮಣ ಮಾಡುವಾಗ ತನ್ನಿಂದ ಏನಾಯಿತೆಂಬುದು ಅವನಿಗೆ ಗೊತ್ತಿರುತ್ತದೆ. ಬಿಟಿ ಗಿಡ ಹಾಗಲ್ಲ. ಮೊಳಕೆಯೊಡೆದ ದಿನದಿಂದ ಒಣಗುವ ದಿನದವರೆಗೆ, ಹುಳು ಬರಲಿ ಬಾರದಿರಲಿ, ಬೆಳೆಗೆ ನಷ್ಟವಾಗಲಿ ಆಗದಿರಲಿ, ಅದು ಕೊಲ್ಲಲು ಸಿದ್ಧವಾಗಿಯೇ ನಿಂತಿರುತ್ತದೆ. ಎಷ್ಟು ಜೀವ ಹೋಯಿತೆಂಬುದು ಬಿತ್ತಿದವನಿಗೆ ತಿಳಿಯುವುದೇ ಇಲ್ಲ. ತಿಳಿಯದ ಪಾಪಕ್ಕೆ ಪ್ರತಿಕ್ರಮಣವೆಲ್ಲಿಂದ ಬರಬೇಕು?

ರೈತನ ಮನಸ್ಸಿನಲ್ಲಿ ಕೊಲ್ಲುವ ಭಾವವಿಲ್ಲದಿದ್ದರೆ ಹಿಂಸೆಯೂ ಇಲ್ಲವಲ್ಲವೇ ಎಂದು ಚತುರರು ಕೇಳಬಹುದು. ಕೊಲ್ಲುವ ಸಂಕಲ್ಪ ಇಲ್ಲಿ ಇಲ್ಲವಾಗಿಲ್ಲ. ಅದನ್ನು ಪ್ರಯೋಗಶಾಲೆಯಲ್ಲಿ ಮೊದಲೇ ಮಾಡಿ ಬೀಜದೊಳಗೆ ಭದ್ರಪಡಿಸಿ ಪೊಟ್ಟಣ ಕಟ್ಟಲಾಗಿದೆ. ಜೈನಾಚಾರ ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆಂದು ಹೇಳಿದೆ. ತಯಾರಿಸಿದವನು ಕೃತಕ್ಕೆ, ಬಿತ್ತಿಸಿದವನು ಕಾರಿತಕ್ಕೆ, ಬಲ್ಲೆನೆಂದು ತಿಳಿದೂ ಕೊಂಡು ಉಂಡವನು ಅನುಮತಕ್ಕೆ ಬಾಧ್ಯನಾಗುತ್ತಾನೆ. ಉದ್ಯೋಗೀ ಹಿಂಸೆಯ ವೇಷದಲ್ಲಿ ಸಂಕಲ್ಪೀ ಹಿಂಸೆ ಒಳಹೊಕ್ಕಿರುವುದೇ ಕುಲಾಂತರಿ ಬೆಳೆಯ ಮೂಲದೋಷ.

ಅನೇಕಾಂತವನ್ನು ನಂಬಿದವರು ಎದುರುಪಕ್ಷದ ಮಾತನ್ನೂ ಪೂರ್ತಿ ಕೇಳಬೇಕು. ಬಿಟಿ ಬಂದರೆ ಕೀಟನಾಶಕದ ಸಿಂಪಡಣೆ ಕಡಿಮೆಯಾಗುತ್ತದೆ, ಗುರಿಯಲ್ಲದ ಸಾವಿರಾರು ಕೀಟಗಳು ಉಳಿಯುತ್ತವೆ, ಆದುದರಿಂದ ಒಟ್ಟು ಹಿಂಸೆ ತಗ್ಗುತ್ತದೆ ಎಂಬುದು ಅವರ ಅತ್ಯಂತ ಬಲವಾದ ವಾದ. ಇದರಲ್ಲಿ ಸತ್ಯಾಂಶವಿತ್ತು. ಭಾರತ ಸರ್ಕಾರ 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಅನುಮತಿ ನೀಡಿದ ನಂತರದ ಮೊದಲ ಕೆಲವು ವರ್ಷಗಳಲ್ಲಿ ಕಾಯಿಕೊರಕಕ್ಕಾಗಿ ಹೊಡೆಯುತ್ತಿದ್ದ ಔಷಧಿ ಕಡಿಮೆಯಾದದ್ದು ಸುಳ್ಳಲ್ಲ. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದಲೂ ಇಂತಹ ವರದಿಗಳೇ ಬಂದಿವೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೊದಲ ತಲೆಮಾರಿನ ಬಿಟಿ ಹತ್ತಿಯನ್ನು ಗುಲಾಬಿ ಕಾಯಿಕೊರಕ ಜೀರ್ಣಿಸಿಕೊಂಡಿತೆಂಬುದನ್ನು ಗುಜರಾತಿನ ಹೊಲಗಳ ಪರೀಕ್ಷೆಯ ಬಳಿಕ ತಂತ್ರಜ್ಞಾನದ ಒಡೆತನವಿದ್ದ ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. 2006ರಲ್ಲಿ ಬಂದಿದ್ದ ಎರಡು ವಂಶವಾಹಿಗಳ ಹತ್ತಿಯನ್ನೂ ಅದೇ ಹುಳು ಕೆಲವೇ ವರ್ಷಗಳಲ್ಲಿ ಗೆದ್ದಿತು. ಇತ್ತ ರಸ ಹೀರುವ ಕೀಟಗಳು ಹೆಚ್ಚಿದವು, ಸಿಂಪಡಣೆ ಮತ್ತೆ ಏರಿತು. ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೆ.ಆರ್. ಕ್ರಾಂತಿ ಹಾಗೂ ಅಮೆರಿಕದ ಗ್ಲೆನ್ ಸ್ಟೋನ್ ಅವರು 2020ರಲ್ಲಿ ಪ್ರಕಟಿಸಿದ ದೀರ್ಘಾವಧಿಯ ಅಧ್ಯಯನದ ಪ್ರಕಾರ ಭಾರತದ ಹತ್ತಿ ಬೆಳೆಗಾರರು ಬಿಟಿ ಬರುವ ಮುನ್ನ ಕೀಟನಾಶಕಕ್ಕೆ ಮಾಡುತ್ತಿದ್ದುದಕ್ಕಿಂತ ಹೆಚ್ಚಿನ ಖರ್ಚನ್ನು ಮಾಡುತ್ತಿದ್ದಾರೆ. ಹಿಂಸೆ ತಗ್ಗಲಿಲ್ಲ, ಹಳೆಯ ಹಿಂಸೆಯ ಮೇಲೆ ಹೊಸದೊಂದು ಸೇರಿಕೊಂಡಿತು. ಹಾವೇರಿಯ ರೈತರಿಗೆ ಈ ಪಾಠ ಪುಸ್ತಕದಿಂದ ಬರಬೇಕಾಗಿಲ್ಲ. 2013-14ರ ಹಂಗಾಮಿನಲ್ಲಿ ಹಾವೇರಿಯೂ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ಬಿಟಿ ಹತ್ತಿಯ ತಳಿಯೊಂದು ಕಾಯಿ ಕಟ್ಟದೆ ಕೈಕೊಟ್ಟಿತು. ಪರಿಹಾರಕ್ಕಾಗಿ ಬೀದಿಗಿಳಿದವರನ್ನು ಈ ಜಿಲ್ಲೆ ಕಂಡಿದೆ.

ಇಲ್ಲಿ ಗಮನಿಸಬೇಕಾದ ವಿಚಿತ್ರವೊಂದಿದೆ. ಬಿಟಿ ಹತ್ತಿಯ ಪೊಟ್ಟಣದೊಡನೆ 120 ಗ್ರಾಂ ಬಿಟಿಯಲ್ಲದ ಬೀಜವನ್ನೂ ಕೊಡುವ ಕ್ರಮವಿತ್ತು. ಹೊಲದ ಸುತ್ತ ಆ ಬೀಜವನ್ನು ಬಿತ್ತಿ, ಅಲ್ಲಿ ಹುಳುಗಳು ಬದುಕಿಕೊಳ್ಳಲು ಬಿಡಬೇಕು. ಹಾಗೆ ಉಳಿದ ಹುಳುಗಳ ಸಂತತಿ ಬೆರೆತಾಗ ಮಾತ್ರ ವಿಷವನ್ನು ಗೆಲ್ಲುವ ಶಕ್ತಿ ಹರಡುವುದು ನಿಧಾನವಾಗುತ್ತದೆ. ಒಂದಿಷ್ಟು ಜೀವಗಳಿಗೆ ಅಭಯ ಕೊಡದಿದ್ದರೆ ಕೊಲ್ಲುವ ತಂತ್ರವೂ ನಿಲ್ಲದೆಂಬುದನ್ನು ಆ ತಂತ್ರವನ್ನು ಕಂಡುಹಿಡಿದವರೇ ಬರೆದುಕೊಟ್ಟಿದ್ದರು. ಬಹುಪಾಲು ಹೊಲಗಳಲ್ಲಿ ಆ ಬೀಜವನ್ನು ಬಿತ್ತಲೇ ಇಲ್ಲ. ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿ ಬಾಳುತ್ತವೆಂಬ ಉಮಾಸ್ವಾಮಿಗಳ ಉಪದೇಶವನ್ನು ಮರೆತ ಫಲವನ್ನು ರೈತನು ಉಂಡನು.

ಇದೆಲ್ಲ ಹತ್ತಿಯ ಮಾತಾಯಿತು, ಊಟಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಭಾರತದ ಹತ್ತಿಯ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಬಿಟಿ ಹತ್ತಿಯದು. ಆ ಹತ್ತಿಕಾಳಿನ ಎಣ್ಣೆ ಅಡುಗೆಗೂ ಕರಿದ ತಿಂಡಿಗೂ ಬಳಕೆಯಾಗುತ್ತದೆ. ಎಣ್ಣೆ ತೆಗೆದ ಮೇಲಿನ ಹಿಂಡಿ ಎಮ್ಮೆ ಆಕಳುಗಳ ಬಾನಿಗೆ ಬೀಳುತ್ತದೆ. ಆ ಹಾಲೇ ಬಸದಿಯಲ್ಲಿ ಕ್ಷೀರಾಭಿಷೇಕಕ್ಕೆ ಬರುತ್ತದೆ. ಅರ್ಜೆಂಟೀನಾ, ಬ್ರೆಜಿಲ್ ದೇಶಗಳಿಂದ ಬರುವ ಸೋಯಾ ಎಣ್ಣೆಯ ಮೂಲವೂ ಬಹುತೇಕ ಕುಲಾಂತರಿ ಸೋಯಾವೇ. ಹೀಗೆ ಕುಲಾಂತರಿ ಆಹಾರ ಮುಂದೆಂದೋ ಬರುವ ಅಪಾಯವಾಗಿ ಉಳಿದಿಲ್ಲ. ಎಣ್ಣೆಯ ಡಬ್ಬಿಯಲ್ಲಿ ಅದು ಆಗಲೇ ಒಲೆಯ ಬಳಿಗೆ ಬಂದು ಕೂತಿದೆ.

ಬಸದಿಯ ಒಳಗೂ ಒಮ್ಮೆ ದೃಷ್ಟಿ ಹರಿಸಬೇಕು. ಆರತಿಯ ಬತ್ತಿ ಹತ್ತಿಯದು. ಆರ್ಯಿಕಾ ಮಾತಾಜಿಯವರು ಉಡುವ ಬಿಳಿಯ ಸೀರೆ ಹತ್ತಿಯದು. ಮುನಿಗಳು ಕೂರುವ ಮುನ್ನ ನೆಲದ ಮೇಲಿನ ಇರುವೆಯನ್ನೂ ನೋಯಿಸದಂತೆ ಮೆಲ್ಲನೆ ಸರಿಸಲು ನವಿಲು ತಾನಾಗಿ ಉದುರಿಸಿದ ಗರಿಗಳ ಪಿಂಛಿಯನ್ನು ಹಿಡಿಯುತ್ತಾರೆ. ಅವರೆದುರು ಬೆಳಗುವ ದೀಪದ ಬತ್ತಿ ಮಾತ್ರ ಎಲೆ ಎಲೆಯಲ್ಲೂ ವಿಷ ಹೊತ್ತು ಹುಳುವನ್ನು ಕೊಂದ ಗಿಡದ್ದು. ಗಂಗರ ಮಾರಸಿಂಹನು 974ರಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಸ್ವೀಕರಿಸಿದ ಬಂಕಾಪುರ ಇದೇ ಜಿಲ್ಲೆಯಲ್ಲಿದೆ. ಅಲ್ಲಿನ ಕೋಟೆಯ ಆವರಣ ಇಂದು ನವಿಲುಧಾಮ. ಅಂತಹ ನೆಲದ ಶ್ರಾವಕರಿಗೆ ಪಿಂಛಿಗೂ ಬತ್ತಿಗೂ ನಡುವಿನ ಈ ವಿರೋಧ ಕಾಣದಿದ್ದರೆ ಮತ್ತಾರಿಗೆ ಕಾಣಬೇಕು?

ತರಕಾರಿಯ ವಿಷಯದಲ್ಲಿ ನಾಡು ಒಮ್ಮೆ ಎಚ್ಚೆತ್ತದ್ದುಂಟು. ಬಿಟಿ ಬದನೆಯ ಯೋಜನೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲುಗೊಂಡು ಉಡುಪಿ ಗುಳ್ಳ, ಮಂಜರಿ ಗೋಟ ಮೊದಲಾದ ಸ್ಥಳೀಯ ಬದನೆ ತಳಿಗಳಿಗೆ ಈ ವಂಶವಾಹಿಯನ್ನು ಸೇರಿಸುವ ಕೆಲಸ ನಡೆಸಿತ್ತು. ಕೇಂದ್ರದ ಅನುಮೋದನಾ ಸಮಿತಿ 2009ರ ಅಕ್ಟೋಬರ್ 14ರಂದು ಬಿಟಿ ಬದನೆಗೆ ಹಸಿರು ನಿಶಾನೆ ತೋರಿತು. ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು; ಕೊನೆಯದು ಬೆಂಗಳೂರಿನಲ್ಲಿ ನಡೆಯಿತು. 2010ರ ಫೆಬ್ರವರಿ 9ರಂದು ಬಿಟಿ ಬದನೆಗೆ ತಡೆ ಬಿದ್ದಿತು. ರೈತರು, ಗ್ರಾಹಕರು, ರಾಜ್ಯ ಸರ್ಕಾರಗಳು ಒಟ್ಟಾಗಿ ಕೇಳಿದರೆ ಉತ್ತರ ಸಿಗುತ್ತದೆಂಬುದಕ್ಕೆ ಇದು ನಿದರ್ಶನ.

ತಡೆ ಬಿದ್ದ ಮೇಲೂ ಪ್ರಯತ್ನ ನಿಂತಿಲ್ಲ. ಎರಡು ಮಣ್ಣಿನ ಸೂಕ್ಷ್ಮಾಣುಗಳ ವಂಶವಾಹಿಗಳನ್ನು ಸೇರಿಸಿದ ಡಿಎಂಎಚ್-11 ಸಾಸಿವೆಗೆ 2022ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ಅನುಮತಿಯ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಆದರೆ ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿ ರೂಪಿಸಬೇಕು, ಆಮದಾಗುವ ಕುಲಾಂತರಿ ಖಾದ್ಯತೈಲದ ವಿಷಯದಲ್ಲಿ ಪೊಟ್ಟಣದ ಮೇಲಿನ ಮಾಹಿತಿಯ ಕಾನೂನನ್ನು ಪಾಲಿಸಬೇಕು ಎಂಬುದರಲ್ಲಿ ಇಬ್ಬರೂ ಒಮ್ಮತ ತಾಳಿದರು.

ಪೊಟ್ಟಣದ ಮೇಲಿನ ಈ ಮಾಹಿತಿಯೇ ಜೈನರ ಪಾಲಿಗೆ ಎಲ್ಲಕ್ಕಿಂತ ತುರ್ತಿನ ವಿಷಯ. ಸಸ್ಯಾಹಾರಕ್ಕೆ ಹಸಿರು ಚುಕ್ಕಿಯ ಗುರುತು ಬಂದು ಎರಡು ದಶಕಗಳು ಕಳೆದಿವೆ. ಆ ಚುಕ್ಕಿಯನ್ನು ನೋಡದೆ ಪೊಟ್ಟಣ ಕೊಳ್ಳುವ ಜೈನ ಗೃಹಿಣಿ ಇಲ್ಲ. ಕುಲಾಂತರಿ ಆಹಾರದ ಪೊಟ್ಟಣದ ಮೇಲೂ ಅದರ ಗುರುತಿರಬೇಕೆಂಬ ನಿಯಮ 2013ರ ಜನವರಿ 1ರಿಂದ ಜಾರಿಗೆ ಬಂದಿತು. ಆದರೂ ಅಂಗಡಿಯ ಎಣ್ಣೆಯ ಡಬ್ಬಿಗಳಲ್ಲಿ ಆ ಗುರುತನ್ನು ಕಂಡವರು ವಿರಳ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2018ರಲ್ಲಿ 65 ಆಹಾರ ಪದಾರ್ಥಗಳನ್ನು ಪರೀಕ್ಷಿಸಿದಾಗ ಮೂರರಲ್ಲೊಂದು ಪಾಲಿನಷ್ಟರಲ್ಲಿ ಕುಲಾಂತರಿ ಅಂಶ ಸಿಕ್ಕಿತು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಶೀತಸಮುದ್ರದ ಮೀನಿನ ವಂಶವಾಹಿಯನ್ನು ಟೊಮ್ಯಾಟೊ ಗಿಡಕ್ಕೆ ಸೇರಿಸುವ ಪ್ರಯೋಗ ನಡೆದಿತ್ತು. ಆ ಹಣ್ಣು ಮಾರುಕಟ್ಟೆಗೆ ಬರಲಿಲ್ಲ. ಆದರೆ ನಾಳೆ ಅಂಥದೊಂದು ಬಂದರೆ ಅದಕ್ಕೆ ಹಸಿರು ಚುಕ್ಕಿಯೋ ಕಂದು ತ್ರಿಕೋನವೋ ಎಂಬ ಪ್ರಶ್ನೆಗೆ ಉತ್ತರವನ್ನು ಇಂದೇ ಹುಡುಕಬೇಕು. ಭಕ್ಷ್ಯಾಭಕ್ಷ್ಯ ವಿವೇಕಕ್ಕೆ ಮೊದಲು ಬೇಕಾದುದು ತಿಳಿವು. ತಿಳಿಯುವ ದಾರಿಯನ್ನೇ ಮುಚ್ಚಿ ಉಣಿಸುವುದು ವ್ರತಭಂಗ ಮಾಡಿಸಿದಂತೆ.

ಹೈಬ್ರಿಡ್ ಬೀಜವೂ ಮನುಷ್ಯನ ಕೈವಾಡವೇ, ಅದನ್ನು ಒಪ್ಪಿದವರು ಇದನ್ನೇಕೆ ಒಪ್ಪಬಾರದು ಎಂದು ರಾಣೆಬೆನ್ನೂರಿನಲ್ಲಿಯೇ ಕೇಳುವವರಿದ್ದಾರೆ. ಹತ್ತಿಯ ಹೈಬ್ರಿಡ್ ಚರಿತ್ರೆಗೆ ಧಾರವಾಡದ ಕಾಣಿಕೆ ದೊಡ್ಡದು, ಡಾ. ಬಿ.ಎಚ್. ಕಟರ್ಕಿಯವರ ವರಲಕ್ಷ್ಮಿ 1972ರಲ್ಲಿ ಬಂದಿತು. ಅಲ್ಲಿ ಹತ್ತಿ ಹತ್ತಿಯೊಡನೆ ಬೆರೆಯಿತು, ಹೂವು ಹೂವಿನ ಪರಾಗವನ್ನು ಪಡೆಯಿತು. ಪ್ರತಿವರ್ಷ ಬೀಜ ಕೊಳ್ಳಬೇಕಾದ ಪರಾಧೀನತೆ ಅದರ ದೋಷವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಕೊಲ್ಲುವುದೇ ಉದ್ದೇಶವಾದ ಗುಣವನ್ನು ಸಸ್ಯಕುಲದ ಆಚೆಯಿಂದ ತಂದು ಗಿಡದ ಪ್ರತಿ ಕಣದಲ್ಲೂ ನೆಲೆಗೊಳಿಸುವ ಕೆಲಸ ಅಲ್ಲಿ ನಡೆಯಲಿಲ್ಲ.

ವ್ಯಾಪಾರಿಗಳಾದ ಶ್ರಾವಕರಿಗೂ ಒಂದು ಮಾತು ಸಲ್ಲುತ್ತದೆ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಸೀಸೆಯಲ್ಲಿರುವ ವಿಷವನ್ನು ಮಾರಲು ಹಿಂಜರಿಯುವವನು ಬೀಜದಲ್ಲಿರುವ ವಿಷವನ್ನು ಯಾವ ಸಮಾಧಾನದಿಂದ ಮಾರಬೇಕು? ಬೀಜದ ಗುಣಕ್ಕೆ ಒಡೆತನದ ಹಕ್ಕು ಸಾರಿ, ಬಿತ್ತುವ ಪ್ರತಿಯೊಬ್ಬನಿಂದ ಗೌರವಧನ ವಸೂಲು ಮಾಡುವ ಪದ್ಧತಿ ಅಪರಿಗ್ರಹ ವ್ರತಕ್ಕೂ ಸಮ್ಮತವಾದುದಲ್ಲ. ಬಿಟಿ ಹತ್ತಿಯ ಮೊದಲ ವರ್ಷಗಳಲ್ಲಿ 450 ಗ್ರಾಂ ಬೀಜದ ಪೊಟ್ಟಣಕ್ಕೆ ರೈತನು 1,600 ರೂಪಾಯಿಗೂ ಹೆಚ್ಚು ತೆತ್ತನು. ಅದರಲ್ಲಿ ದೊಡ್ಡ ಪಾಲು ಆ ಗೌರವಧನವೇ ಆಗಿತ್ತು. ಈ ಮಾತು ಲಾಭಕ್ಕೆ ಕುಂದು ತರುವಂತಹುದು, ಕಹಿಯೆನಿಸುವುದೂ ಸಹಜ. ಆದರೆ ಲಾಭಕ್ಕೆ ಎಂದೂ ತೊಡಕಾಗದ ವ್ರತ ವ್ರತವೆನಿಸಿಕೊಳ್ಳದು.

ಹಾಗಾದರೆ ಮಾಡಬೇಕಾದುದೇನು? ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ 1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ ಪ್ರಯೋಗಕ್ಕೆ ಬೆಳೆದಿದ್ದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತು. ನಾಡಿನ ಕಣ್ಣು ತೆರೆಸಿದ ಆ ಚಳವಳಿಯ ಕಳಕಳಿ ಗೌರವಾರ್ಹ. ಆದರೆ ಬೆಂಕಿ ಶ್ರಾವಕನ ದಾರಿಯಲ್ಲ. ಉರಿಯುವ ಹೊಲದಲ್ಲಿಯೂ ಜೀವಗಳಿರುತ್ತವೆ. ಶ್ರಾವಕನ ಅಸ್ತ್ರ ತ್ಯಾಗ. ಬೇಡವಾದುದನ್ನು ಕೊಳ್ಳದಿರುವುದು, ಉಣ್ಣದಿರುವುದು, ಮಾರದಿರುವುದು.

ಇದು ಒಬ್ಬೊಬ್ಬ ಗೃಹಸ್ಥನಿಗಿಂತ ಬಸದಿಯ ಟ್ರಸ್ಟುಗಳಿಗೆ ಸುಲಭ. ಲಾವಣಿಗೆ ಕೊಡುವ ಬಸದಿಯ ಜಮೀನಿನಲ್ಲಿ ಕುಲಾಂತರಿ ಬೀಜ ಬಿತ್ತಬಾರದೆಂಬ ಒಂದು ಸಾಲನ್ನು ಕರಾರುಪತ್ರದಲ್ಲಿ ಸೇರಿಸಬಹುದು. ಆ ಜಮೀನಿನ ಒಂದೆರಡು ಎಕರೆಯಲ್ಲಿ ಈ ಸೀಮೆಯ ಹಳೆಯ ಜಯಧರ ಹತ್ತಿಯನ್ನು ಬೆಳೆಸಿ, ಬತ್ತಿಗೂ ಮಾತಾಜಿಯವರ ವಸ್ತ್ರಕ್ಕೂ ಅದನ್ನೇ ಬಳಸಬಹುದು. ರಸ ಹೀರುವ ಕೀಟಗಳನ್ನು ತಾಳಿಕೊಳ್ಳುವ ಈ ದೇಶೀ ಹತ್ತಿಗೆ ಔಷಧಿಯ ಹಂಗು ಕಡಿಮೆ. ಇಳುವರಿ ತಗ್ಗುವುದರಿಂದ ರೈತನಿಗಾಗುವ ನಷ್ಟವನ್ನು ಟ್ರಸ್ಟು ಹೆಚ್ಚಿನ ಬೆಲೆಯ ರೂಪದಲ್ಲಿ ತುಂಬಿಕೊಡಬೇಕು. ತನ್ನ ವ್ರತದ ಭಾರವನ್ನು ಬಡವನ ಹೆಗಲಿಗೆ ಹೊರಿಸುವುದು ಧರ್ಮವಲ್ಲ. ಪಂಚಕಲ್ಯಾಣ, ಚಾತುರ್ಮಾಸಗಳ ಸಾಮೂಹಿಕ ಭೋಜನಕ್ಕೆ ಹತ್ತಿಕಾಳಿನ ಎಣ್ಣೆಯನ್ನೂ ಸೋಯಾ ಎಣ್ಣೆಯನ್ನೂ ಕೈಬಿಟ್ಟು ಗಾಣದ ಶೇಂಗಾ ಎಣ್ಣೆಯನ್ನೋ ಕುಸುಬೆ ಎಣ್ಣೆಯನ್ನೋ ತರಿಸಬಹುದು. ಗುರುತಿಲ್ಲದ ಎಣ್ಣೆಯ ಬಗ್ಗೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತ ದೂರು ಕೊಡಬಹುದು. ನೂರು ಟ್ರಸ್ಟುಗಳ ನೂರು ಪತ್ರಗಳಿಗೆ ಬೆಲೆಯುಂಟು.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮದ ದಿನ ಬಂದಾಗ ಪ್ರತಿ ಬಸದಿಯಲ್ಲಿ ಇಂದ್ರಿಯ ಸಂಯಮ, ಪ್ರಾಣಿ ಸಂಯಮಗಳ ಪ್ರವಚನ ನಡೆಯುತ್ತದೆ. ಅದೇ ಹಂಗಾಮಿನಲ್ಲಿ ಹೊರಗೆ ಹೊಲದಲ್ಲಿ ಹತ್ತಿ ಹೂಬಿಟ್ಟಿರುತ್ತದೆ. ಒಳಗಿನ ಪ್ರವಚನ ಹೊರಗಿನ ಹೊಲವನ್ನು ಮುಟ್ಟದಿದ್ದರೆ ಸಂಯಮ ಮಾತಿನಲ್ಲೇ ಉಳಿಯುತ್ತದೆ. ಮುಂದಿನ ಪರ್ವದ ಆರತಿಗೆ ಯಾವ ಹತ್ತಿಯ ಬತ್ತಿ ಹೊಸೆಯಬೇಕೆಂಬುದನ್ನು ಪ್ರತಿ ಊರಿನ ಟ್ರಸ್ಟು ಬಿತ್ತನೆಯ ಕಾಲಕ್ಕೇ ನಿರ್ಧರಿಸಲಿ.